ತಾನಾಗಿ ಚಾಲನೆಗೊಳ್ಳುವ ಗಣಕಯಂತ್ರ : ಕಾರಣಶೋಧನೆಯ ಒಂದು ಪಾಠ

೧. ಪೀಠಿಕೆ

ಕಾರಣವಿಲ್ಲದೆ ಕಾರ್ಯವಿಲ್ಲವೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಪುಸ್ತಕದಲ್ಲಿ ಓದುವಾಗ ಈ ಮಾತನ್ನು ಒಪ್ಪದವರಿಲ್ಲ. ವಿಲಕ್ಷಣವಾದ ಘಟನೆಯೊಂದು ಕಣ್ಣೆದುರಿಗೆ ನಡೆದಾಗ ಅದನ್ನು ಮರೆಯದೆ ಉಳಿಯುವವರು ವಿರಳ. ಸಂಜೆ ಎಲ್ಲರ ಎದುರಿನಲ್ಲಿಯೇ ಆರಿಸಿ, ಕೊಠಡಿಗೆ ಬೀಗ ಹಾಕಿ ಬಂದ ಗಣಕಯಂತ್ರವು ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಪರದೆ ಬೆಳಗಿಸಿಕೊಂಡು, ಫ್ಯಾನು ತಿರುಗಿಸುತ್ತ ಕುಳಿತಿದ್ದರೆ ನೋಡಿದವರು ಬೆರಗಾಗುವುದು ಸಹಜ. ಆಗ ಹುಟ್ಟುವ ಅಭಿಪ್ರಾಯಗಳು ಸಾಮಾನ್ಯವಾಗಿ ಮೂರು. ಮಕ್ಕಳು ದೆವ್ವದ ಮಾತನ್ನಾಡುತ್ತಾರೆ. ಸ್ವಲ್ಪ ತಿಳಿದವರು ವೈರಸ್ ಹೊಕ್ಕಿದೆ ಎನ್ನುತ್ತಾರೆ. ಆಡಳಿತ ನೋಡಿಕೊಳ್ಳುವವರು ಯಂತ್ರ ಹಳೆಯದಾಯಿತು, ತೆಗೆದುಹಾಕಿ ಹೊಸದನ್ನು ತರಿಸೋಣವೆನ್ನುತ್ತಾರೆ. ಈ ಮೂರೂ ಮಾತುಗಳು ಹೊರನೋಟಕ್ಕೆ ಬೇರೆ ಬೇರೆಯಾಗಿದ್ದರೂ ಮೂರರಲ್ಲಿಯೂ ಇರುವ ದೋಷ ಒಂದೇ: ಪರೀಕ್ಷೆಗೆ ಮೊದಲೇ ತೀರ್ಪು.

ಇದರ ಪರಿಣಾಮ ಅಲ್ಪವಾದುದಲ್ಲ. ಶಾಲೆಯ ಗಣಕಕೊಠಡಿಗೆ ಬರುವ ಯಂತ್ರಗಳು ಬಹುಮಟ್ಟಿಗೆ ದಾನಿಗಳ ಔದಾರ್ಯದಿಂದ ಬಂದವು. ಒಂದು ಸಣ್ಣ ಸ್ವಿಚ್ಚಿನ ಅಥವಾ ನಾಣ್ಯದಷ್ಟು ಗಾತ್ರದ ಬ್ಯಾಟರಿಯ ದೋಷಕ್ಕಾಗಿ ಇಡೀ ಯಂತ್ರವನ್ನು ಗುಜರಿಗೆ ಹಾಕಿದರೆ ಅದು ಹಣದ ನಷ್ಟ. ಇದಕ್ಕೆ ವ್ಯತಿರಿಕ್ತವಾಗಿ, ‘ಏನೋ ಒಂದು, ನಡೆಯಲಿ’ ಎಂದು ಅಲಕ್ಷಿಸಿದಾಗ ಒಳಗೆ ನಿಜವಾದ ವಿದ್ಯುತ್ ದೋಷವಿದ್ದರೆ, ಬೀಗ ಹಾಕಿದ ಕೊಠಡಿಯಲ್ಲಿ ಯಾರ ಗಮನವೂ ಇಲ್ಲದೆ ಯಂತ್ರವು ರಾತ್ರಿಯಿಡೀ ನಡೆಯುವುದು ಅಪಾಯಕ್ಕೆ ಆಹ್ವಾನ. ಇವೆರಡಕ್ಕಿಂತ ದೊಡ್ಡ ನಷ್ಟವೆಂದರೆ, ಕಾರಣವನ್ನು ಹುಡುಕುವುದು ಹೇಗೆಂಬುದನ್ನು ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಬಹುದಾದ ಒಂದು ಅವಕಾಶ ಕೈಬಿಟ್ಟು ಹೋಗುವುದು. ಈ ದೃಷ್ಟಿಯಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

೨. ‘ಆರಿಸುವುದು’ ಎಂಬುದರ ಅರ್ಥ

ಮೊದಲು ತಿಳಿಯಬೇಕಾದ ಸಂಗತಿ ಇದು: ಇಂದಿನ ಮೇಜಿನ ಗಣಕಯಂತ್ರವನ್ನು ಆರಿಸಿದಾಗ ಅದು ಪೂರ್ಣವಾಗಿ ಆರುವುದಿಲ್ಲ.

ಹಿಂದೆ ಹಾಗಿರಲಿಲ್ಲ. ೧೯೮೪ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ‘ಎಟಿ’ ಎಂಬ ಮಾದರಿಯ ಯಂತ್ರಗಳಲ್ಲಿ ಮತ್ತು ಅದನ್ನು ಅನುಸರಿಸಿ ಬಂದವುಗಳಲ್ಲಿ, ಸ್ವಿಚ್ಚು ಮನೆಯ ದೀಪದ ಸ್ವಿಚ್ಚಿನಂತೆ ಕೆಲಸ ಮಾಡುತ್ತಿತ್ತು. ಗೋಡೆಯಿಂದ ಬರುವ ವಿದ್ಯುತ್ತನ್ನೇ ಅದು ನೇರವಾಗಿ ಕಡಿಯುತ್ತಿತ್ತು. ಒಮ್ಮೆ ಆರಿಸಿದರೆ ಮನುಷ್ಯನ ಬೆರಳು ಮತ್ತೆ ತಾಕುವವರೆಗೆ ಯಂತ್ರದೊಳಗೆ ಪ್ರವಾಹವೇ ಇರುತ್ತಿರಲಿಲ್ಲ. ಅಂತಹ ಯಂತ್ರವು ತಾನಾಗಿ ಚಾಲನೆಗೊಂಡಿತೆಂದರೆ ಅದು ನಿಜಕ್ಕೂ ಅಚ್ಚರಿಯ ಸಂಗತಿಯಾಗುತ್ತಿತ್ತು.

೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ‘ಎಟಿಎಕ್ಸ್’ ಎಂಬ ಹೊಸ ರಚನಾಕ್ರಮವನ್ನು ಪ್ರಕಟಿಸಿತು. ಆ ಬಳಿಕ ಸ್ವಿಚ್ಚಿನ ಸ್ವರೂಪವೇ ಬದಲಾಯಿತು. ಯಂತ್ರದ ಹಿಂಭಾಗದಲ್ಲಿ, ತಂತ್ರಜ್ಞರು ‘ಎಸ್‌ಎಂಪಿಎಸ್’ ಎಂದು ಕರೆಯುವ ವಿದ್ಯುತ್ ಪೆಟ್ಟಿಗೆ ಇರುತ್ತದೆ. ಗೋಡೆಯ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫ ಮತ್ತು ೩.೩ ವೋಲ್ಟುಗಳ ಏಕಮುಖ ಪ್ರವಾಹವನ್ನಾಗಿ ಪರಿವರ್ತಿಸುವುದು ಇದರ ಕೆಲಸ. ಎಟಿಎಕ್ಸ್ ಕ್ರಮದಲ್ಲಿ ಈ ಪೆಟ್ಟಿಗೆಯು, ಯಂತ್ರ ಆರಿದ್ದಾಗಲೂ, ನೇರಳೆ ಬಣ್ಣದ ಒಂದು ತಂತಿಯ ಮೂಲಕ ಮದರ್‌ಬೋರ್ಡಿಗೆ ಸದಾ ೫ ವೋಲ್ಟುಗಳನ್ನು ಒದಗಿಸುತ್ತಿರುತ್ತದೆ. ಇದು ಕಾವಲಿನ ವಿದ್ಯುತ್ತು. ಹಸಿರು ಬಣ್ಣದ ಇನ್ನೊಂದು ತಂತಿ ಆಜ್ಞೆಯ ತಂತಿ. ಮದರ್‌ಬೋರ್ಡು ಈ ಹಸಿರು ತಂತಿಯನ್ನು ಶೂನ್ಯ ವೋಲ್ಟಿಗೆ, ಎಂದರೆ ಕಪ್ಪು ತಂತಿಯ ಮಟ್ಟಕ್ಕೆ, ಇಳಿಸಿದ ಕ್ಷಣದಲ್ಲಿ ವಿದ್ಯುತ್ ಪೆಟ್ಟಿಗೆಯು ಉಳಿದೆಲ್ಲ ಪ್ರವಾಹಗಳನ್ನು ಹರಿಯಬಿಡುತ್ತದೆ, ಯಂತ್ರ ಚಾಲನೆಗೊಳ್ಳುತ್ತದೆ. ಮುಂಭಾಗದ ಗುಂಡಿಯಾದರೋ ವಿದ್ಯುತ್ತನ್ನು ಕಡಿಯುವುದೂ ಇಲ್ಲ, ಕೂಡಿಸುವುದೂ ಇಲ್ಲ. ಅದು ಮದರ್‌ಬೋರ್ಡಿಗೆ ಒಂದು ಕ್ಷಣದ ಸೂಚನೆಯನ್ನು ಮಾತ್ರ ಕೊಡುತ್ತದೆ.

೧೯೯೬ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೊಶಿಬಾ ಸಂಸ್ಥೆಗಳು ಸೇರಿ ‘ಎಸಿಪಿಐ’ ಎಂಬ ನಿಯಮಾವಳಿಯ ಮೊದಲ ಆವೃತ್ತಿಯನ್ನು ಹೊರತಂದವು. ಯಂತ್ರದ ಎಚ್ಚರ ಹಾಗೂ ನಿದ್ರೆಯ ಅವಸ್ಥೆಗಳನ್ನು ಅದು ವಿಂಗಡಿಸಿತು. ‘ಎಸ್ ೦’ ಎಂಬುದು ಪೂರ್ಣ ಎಚ್ಚರ. ‘ಎಸ್ ೩’ ಎಂಬುದು ನಿದ್ರೆ. ಕೆಲಸವೆಲ್ಲ ಸ್ಮೃತಿಯಲ್ಲಿ ಉಳಿದಿರುತ್ತದೆ. ‘ಎಸ್ ೪’ ಎಂಬುದು ಗಾಢನಿದ್ರೆ. ಕೆಲಸವನ್ನು ಡಿಸ್ಕಿನ ಮೇಲೆ ಬರೆದಿಟ್ಟು ಯಂತ್ರ ಮಲಗುತ್ತದೆ. ‘ಎಸ್ ೫’ ಎಂಬುದು ಸಾಮಾನ್ಯವಾಗಿ ‘ಆರಿಸಿದೆ’ ಎಂದು ಹೇಳುವ ಅವಸ್ಥೆ. ಇದರಲ್ಲಿಯೂ ನೇರಳೆ ತಂತಿಯ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ಚನ್ನು ಆರಿಸಿದಾಗ ಅಥವಾ ಪ್ಲಗ್ಗನ್ನು ಕಿತ್ತಾಗ ಮಾತ್ರ ಯಂತ್ರವು ‘ಜಿ ೩’ ಎಂಬ ನಿಜವಾದ ನಿಶ್ಚಲ ಅವಸ್ಥೆಯನ್ನು ಹೊಂದುತ್ತದೆ. ಅಲ್ಲಿಯೂ ಒಂದು ಎಚ್ಚರಿಕೆ ಬೇಕು: ಯಂತ್ರವು ಯುಪಿಎಸ್ ಮೂಲಕ ಜೋಡಣೆಗೊಂಡಿದ್ದರೆ ಗೋಡೆಯ ಸ್ವಿಚ್ಚನ್ನು ಆರಿಸಿದ ಮಾತ್ರಕ್ಕೆ ಸಾಲದು, ಯುಪಿಎಸ್ಸನ್ನೂ ಆರಿಸಬೇಕು.

ಇದರಿಂದ ವಿದಿತವಾಗುವುದೇನೆಂದರೆ, ಆರಿಸಿದ ಯಂತ್ರವು ಸತ್ತ ಯಂತ್ರವಲ್ಲ. ಸೂಚನೆಗಾಗಿ ಕಾದು ಕುಳಿತಿರುವ ಯಂತ್ರ. ಆದುದರಿಂದ ‘ಇದು ತಾನಾಗಿ ಏಕೆ ಎದ್ದಿತು?’ ಎಂದು ಕೇಳುವ ಬದಲು ‘ಇದನ್ನು ಎಬ್ಬಿಸಿದ ಸೂಚನೆ ಯಾವ ದಾರಿಯಿಂದ ಬಂದಿತು?’ ಎಂದು ಕೇಳುವುದೇ ಸರಿಯಾದ ಕ್ರಮ.

೩. ಎಬ್ಬಿಸಬಲ್ಲ ಆರು ದಾರಿಗಳು

ಸೂಚನೆ ಬರಬಹುದಾದ ದಾರಿಗಳು ಎಣಿಕೆಗೆ ಮೀರಿದವಲ್ಲ. ಅವುಗಳನ್ನು ಆರಾಗಿ ವಿಂಗಡಿಸಬಹುದು.

ಮೊದಲನೆಯದು ಮುಂಭಾಗದ ಗುಂಡಿ. ಇದರ ಹಿಂದೆ ಒಂದು ಪುಟ್ಟ ಸ್ವಿಚ್ಚು, ಅದರಿಂದ ಮದರ್‌ಬೋರ್ಡಿನ ಎರಡು ಕಡ್ಡಿಗಳವರೆಗೆ ಎರಡು ಸಣ್ಣ ತಂತಿಗಳು, ಇಷ್ಟೇ ಇರುವುದು. ಆ ಎರಡು ಕಡ್ಡಿಗಳು ಒಂದು ಕ್ಷಣ ಕೂಡಿದರೆ ಯಂತ್ರವು ಏಳುತ್ತದೆ. ಕೂಡಿಸಿದ್ದು ಬೆರಳೋ, ತುಕ್ಕೋ, ಮಳೆಗಾಲದ ತೇವವೋ, ಇರುವೆಯ ಗೂಡೋ, ಸುಲಿದುಹೋದ ತಂತಿಯೋ ಎಂಬ ಭೇದವನ್ನು ಮದರ್‌ಬೋರ್ಡು ಅರಿಯದು. ಗುಂಡಿಯು ಒಳಗೆ ಸಿಕ್ಕಿಕೊಂಡಿದ್ದರೆ ಇನ್ನೊಂದು ಲಕ್ಷಣ ತೋರುತ್ತದೆ. ಗುಂಡಿಯನ್ನು ಸುಮಾರು ೪ ಸೆಕೆಂಡು ಒತ್ತಿ ಹಿಡಿದರೆ ಯಂತ್ರವು ಬಲವಂತವಾಗಿ ಆರುವ ಏರ್ಪಾಡಿದೆಯಷ್ಟೆ. ಹೀಗಾಗಿ ಸಿಕ್ಕಿಕೊಂಡ ಗುಂಡಿಯುಳ್ಳ ಯಂತ್ರವು ಎದ್ದು, ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತದೆ.

ಎರಡನೆಯದು ವಿದ್ಯುತ್ತಿನ ಮರುಬರವು. ಕರೆಂಟು ಹೋಗಿ ಬಂದಾಗ ಯಂತ್ರವು ಏನು ಮಾಡಬೇಕೆಂಬುದನ್ನು ‘ಬಯಾಸ್’ ಎಂಬ ಮೂಲ ವ್ಯವಸ್ಥೆಯಲ್ಲಿ ಮೊದಲೇ ನಿಗದಿ ಮಾಡಿರುತ್ತಾರೆ. ಆರಿಯೇ ಇರುವುದು, ಚಾಲನೆಗೊಳ್ಳುವುದು, ಹಿಂದಿನ ಸ್ಥಿತಿಗೆ ಮರಳುವುದು ಎಂಬ ಮೂರು ಆಯ್ಕೆಗಳು ಅಲ್ಲಿ ಸಾಮಾನ್ಯ. ಎರಡನೆಯ ಆಯ್ಕೆಯಿದ್ದರೆ, ನಡುರಾತ್ರಿಯಲ್ಲಿ ಕರೆಂಟು ಬಂದ ಕೂಡಲೇ ಯಂತ್ರವು ಏಳುತ್ತದೆ. ಯಾರೂ ಇಲ್ಲದಾಗಲೂ ನಡೆಯಬೇಕಾದ ಯಂತ್ರಗಳಿಗೆ ಇದು ಅವಶ್ಯಕ. ತರಗತಿಯ ಯಂತ್ರಕ್ಕೆ ಅನಾವಶ್ಯಕ.

ಮೂರನೆಯದು ಗಡಿಯಾರ. ಮೇಲೆ ಹೇಳಿದ ೧೯೮೪ರ ಎಟಿ ಯಂತ್ರದಲ್ಲಿಯೇ ಬ್ಯಾಟರಿಯ ಆಧಾರದಿಂದ ನಡೆಯುವ ಗಡಿಯಾರದ ಚಿಪ್ಪು ಇತ್ತು. ಅಲಾರಂ ಬಾರಿಸುವ ಶಕ್ತಿಯೂ ಅದಕ್ಕಿತ್ತು. ಇಂದಿನ ಯಂತ್ರಗಳಲ್ಲಿ ಬಯಾಸ್ ಮೂಲಕ ಇಂಥ ದಿನ, ಇಂಥ ಗಂಟೆಗೆ ಏಳುವಂತೆ ನಿಗದಿ ಮಾಡಬಹುದು. ಇದಲ್ಲದೆ ವಿಂಡೋಸ್‌ನಂತಹ ಕಾರ್ಯವ್ಯವಸ್ಥೆಯು ತನ್ನ ನಿರ್ವಹಣೆಯ ಕೆಲಸಗಳಿಗಾಗಿ ಎಚ್ಚರದ ವೇಳೆಯನ್ನು ಗೊತ್ತುಮಾಡಿಕೊಳ್ಳುವುದುಂಟು. ಇವೆರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಬಯಾಸಿನ ಅಲಾರಂ ಪೂರ್ಣವಾಗಿ ಆರಿಸಿದ ಯಂತ್ರವನ್ನೂ ಎಬ್ಬಿಸಬಲ್ಲದು. ವಿಂಡೋಸಿನ ವೇಳಾಪಟ್ಟಿಯು ನಿದ್ರೆಯಲ್ಲಿರುವ ಯಂತ್ರವನ್ನು ಮಾತ್ರ ಎಬ್ಬಿಸುತ್ತದೆ.

ನಾಲ್ಕನೆಯದು ಜಾಲ. ದೂರದ ಯಂತ್ರಗಳನ್ನು ಎಬ್ಬಿಸಲು ‘ವೇಕ್ ಆನ್ ಲ್ಯಾನ್’ ಎಂಬ ಏರ್ಪಾಡಿದೆ. ಇದಕ್ಕಾಗಿ ಕಳುಹಿಸುವ ಸಂದೇಶಕ್ಕೆ ‘ಮ್ಯಾಜಿಕ್ ಪ್ಯಾಕೆಟ್’ ಎಂದು ಹೆಸರು. ಹೆಸರಿನಲ್ಲಿ ಮಾಯೆಯಿದ್ದರೂ ರಚನೆ ಸರಳ: ಮೊದಲಿಗೆ ೨೫೫ ಎಂಬ ಬೆಲೆಯ ೬ ಬೈಟುಗಳು, ಅನಂತರ ಎಬ್ಬಿಸಬೇಕಾದ ಯಂತ್ರದ ಜಾಲದ ಕಾರ್ಡಿನ ೬ ಬೈಟುಗಳ ವಿಳಾಸವು ೧೬ ಸಲ. ಒಟ್ಟು ೧೦೨ ಬೈಟುಗಳು. ತನ್ನ ವಿಳಾಸವನ್ನು ಹೀಗೆ ಹದಿನಾರು ಸಲ ಕೇಳಿದ ಕಾರ್ಡು ಯಂತ್ರವನ್ನು ಎಬ್ಬಿಸುತ್ತದೆ. ಕೆಲವು ಕಾರ್ಡುಗಳು ಈ ವಿಶೇಷ ಸಂದೇಶಕ್ಕಲ್ಲದೆ ಇತರ ಸಾಮಾನ್ಯ ಸಂದೇಶಗಳಿಗೂ ನಿದ್ರೆಯಿಂದ ಎಬ್ಬಿಸುವಂತೆ ಹೊಂದಿಕೆಗೊಂಡಿರುತ್ತವೆ.

ಐದನೆಯದು ಕೀಲಿಮಣೆ ಮತ್ತು ಮೌಸ್. ಮೇಜು ಅಲುಗಿದರೆ, ಇಲಿಯೋ ಹಲ್ಲಿಯೋ ಮೇಲೆ ಹರಿದರೆ ನಿದ್ರೆಯಲ್ಲಿರುವ ಯಂತ್ರವು ಏಳಬಹುದು. ಬಯಾಸಿನಲ್ಲಿ ಅನುಮತಿಯಿದ್ದರೆ ಕೀಲಿಮಣೆಯ ಮೂಲಕ ಆರಿಸಿದ ಯಂತ್ರವನ್ನೂ ಎಬ್ಬಿಸಬಹುದು.

ಆರನೆಯದು ಭಾಗಗಳ ದೋಷ. ವಿದ್ಯುತ್ ಪೆಟ್ಟಿಗೆ ಹಳೆಯದಾಗಿರಬಹುದು. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿರಬಹುದು. ಹಸಿರು ತಂತಿಯನ್ನು ನಿಯಂತ್ರಿಸುವ ಮಂಡಲದಲ್ಲಿ ಸೋರಿಕೆಯಿರಬಹುದು.

ಈ ಆರು ದಾರಿಗಳಲ್ಲಿ ಎರಡನೆಯದರಿಂದ ಐದನೆಯದರವರೆಗಿನ ನಾಲ್ಕು ದಾರಿಗಳು ದೋಷಗಳೇ ಅಲ್ಲವೆಂಬುದು ಗಮನಾರ್ಹ. ಅವು ಯಂತ್ರವನ್ನು ನಿರ್ಮಿಸಿದವರು ಬುದ್ಧಿಪೂರ್ವಕವಾಗಿ ಇಟ್ಟ ಸೌಕರ್ಯಗಳು. ಹಾಗಿರುವಲ್ಲಿ ಯಂತ್ರವು ಕೆಟ್ಟಿಲ್ಲ. ಕೊಟ್ಟ ಆಜ್ಞೆಯನ್ನು ಪಾಲಿಸುತ್ತಿದೆ. ಆಜ್ಞೆ ಕೊಟ್ಟವರಿಗೆ ಮಾತ್ರ ಅದರ ನೆನಪಿಲ್ಲ.

೪. ದಾಖಲೆಯೇ ಮೊದಲ ಸಾಕ್ಷಿ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಲೇಖನಿ ಹಿಡಿಯಬೇಕು. ಯಂತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನಿಟ್ಟು ನಾಲ್ಕು ಸಂಗತಿಗಳನ್ನು ಪ್ರತಿದಿನವೂ ಬರೆಯುವುದು ಉತ್ತಮ: ಯಂತ್ರವನ್ನು ಯಾರು, ಯಾವ ವೇಳೆಗೆ, ಯಾವ ವಿಧದಿಂದ ಆರಿಸಿದರು, ಗೋಡೆಯ ಸ್ವಿಚ್ಚು ಹಾಗೂ ಯುಪಿಎಸ್ ಯಾವ ಸ್ಥಿತಿಯಲ್ಲಿದ್ದವು, ರಾತ್ರಿ ಕರೆಂಟು ಹೋಗಿತ್ತೇ, ಬೆಳಿಗ್ಗೆ ಯಂತ್ರವು ಹೇಗಿತ್ತು. ‘ಯಾವ ವಿಧದಿಂದ’ ಎಂಬುದು ಇಲ್ಲಿ ಮುಖ್ಯ. ಪರದೆ ಕಪ್ಪಾದ ಮಾತ್ರಕ್ಕೆ ಯಂತ್ರ ಆರಿತೆಂದು ತಿಳಿಯುವವರು ಬಹಳ. ‘ಶಟ್ ಡೌನ್’ ಎಂಬುದರ ಬದಲು ‘ಸ್ಲೀಪ್’ ಎಂಬುದನ್ನು ಒತ್ತಿ ಎದ್ದುಹೋದ ವಿದ್ಯಾರ್ಥಿಯು ಯಂತ್ರವನ್ನು ಆರಿಸಿಲ್ಲ, ಮಲಗಿಸಿದ್ದಾನೆ.

೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ ಇನ್ನೊಂದು ತೊಡಕು ಸೇರಿದೆ. ಬೇಗನೆ ಚಾಲನೆಗೊಳ್ಳಲೆಂದು ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡನ್ನು ಅದರಲ್ಲಿ ಅಳವಡಿಸಲಾಗಿದೆ. ಇದು ಸಕ್ರಿಯವಾಗಿದ್ದಾಗ ‘ಶಟ್ ಡೌನ್’ ಒತ್ತಿದರೂ ಕಾರ್ಯವ್ಯವಸ್ಥೆಯ ತಿರುಳು ಡಿಸ್ಕಿನಲ್ಲಿ ಉಳಿದು, ಯಂತ್ರವು ಅರೆಬರೆ ಆರುತ್ತದೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ‘ಶಟ್ ಡೌನ್’ ಆಯ್ದರೆ ಪೂರ್ಣವಾಗಿ ಆರುತ್ತದೆ. ಪರೀಕ್ಷೆಯ ದಿನಗಳಲ್ಲಿ ಈ ಏರ್ಪಾಡನ್ನು ತೆಗೆದಿಡುವುದು ಮೇಲು. ಇಲ್ಲವಾದರೆ ಆರಿಸಿದ ಯಂತ್ರ ಯಾವುದು, ಮಲಗಿದ ಯಂತ್ರ ಯಾವುದೆಂಬ ಭೇದವೇ ಮಸುಕಾಗುತ್ತದೆ.

ಯಂತ್ರವು ತನ್ನದೇ ಆದ ದಿನಚರಿಯನ್ನೂ ಬರೆಯುತ್ತಿರುತ್ತದೆ. ವಿಂಡೋಸಿನಲ್ಲಿ ‘ಇವೆಂಟ್ ವ್ಯೂವರ್’ ಎಂಬುದನ್ನು ತೆರೆದು ‘ಸಿಸ್ಟಮ್’ ವಿಭಾಗವನ್ನು ನೋಡಿದರೆ ಪ್ರತಿಯೊಂದು ಘಟನೆಯೂ ವೇಳೆ ಮತ್ತು ಸಂಖ್ಯೆಯೊಡನೆ ಅಲ್ಲಿ ದಾಖಲಾಗಿರುತ್ತದೆ. ೬೦೦೫ ಎಂಬ ಸಂಖ್ಯೆಯು ವ್ಯವಸ್ಥೆ ಚಾಲನೆಗೊಂಡ ವೇಳೆಯನ್ನೂ, ೬೦೦೬ ಎಂಬುದು ಕ್ರಮವಾಗಿ ಆರಿದ ವೇಳೆಯನ್ನೂ, ೬೦೦೮ ಎಂಬುದು ಹಿಂದಿನ ಸಲ ಅನಿರೀಕ್ಷಿತವಾಗಿ ಆರಿತ್ತೆಂಬುದನ್ನೂ ತಿಳಿಸುತ್ತವೆ. ನಿದ್ರೆಯಿಂದ ಎದ್ದಿದ್ದರೆ ‘ಪವರ್ ಟ್ರಬಲ್‌ಶೂಟರ್’ ಎಂಬ ಹೆಸರಿನ ದಾಖಲೆಯಲ್ಲಿ ಎಬ್ಬಿಸಿದ ಮೂಲ ಯಾವುದೆಂಬುದೇ ಅನೇಕ ವೇಳೆ ಬರೆದಿರುತ್ತದೆ. ಯಾವ ಯಾವ ಸಾಧನಗಳಿಗೆ ಎಬ್ಬಿಸುವ ಅಧಿಕಾರವಿದೆ ಎಂಬುದನ್ನು ‘ಡಿವೈಸ್ ಮ್ಯಾನೇಜರ್’ನಲ್ಲಿ ನೋಡಿ, ಬೇಡವಾದ ಅಧಿಕಾರವನ್ನು ಅಲ್ಲಿಯೇ ಹಿಂತೆಗೆದುಕೊಳ್ಳಬಹುದು.

ಆದರೆ ಆರಿಸಿದ ಯಂತ್ರವನ್ನು ಗುಂಡಿಯ ತಂತಿಯೋ ಕರೆಂಟಿನ ಮರುಬರವೋ ಎಬ್ಬಿಸಿದ್ದರೆ ಈ ದಿನಚರಿಯು ವೇಳೆಯನ್ನು ಹೇಳುತ್ತದೆಯೇ ಹೊರತು ಕಾರಣವನ್ನು ಹೇಳಲಾರದು. ಮಲಗಿದ್ದವನು ತನ್ನನ್ನು ಎಬ್ಬಿಸಿದವರಾರೆಂದು ಹೇಳಲಾರದಂತೆ. ಅಲ್ಲಿಂದ ಮುಂದೆ ಪರೀಕ್ಷೆ ಅಗತ್ಯ.

೫. ಪರೀಕ್ಷೆಯ ಕ್ರಮ

ಭಾರತೀಯ ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವುದು ವ್ಯತಿರೇಕ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ಲನು ೧೮೪೩ರಲ್ಲಿ ಪ್ರಕಟವಾದ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ ಕಾರಣಶೋಧನೆಯ ವಿಧಾನಗಳೂ ಇದಕ್ಕೆ ಸಮೀಪವಾದವು. ಗಣಕಯಂತ್ರದ ಪರೀಕ್ಷೆಯಲ್ಲಿ ಇದರ ಅನ್ವಯ ಸುಲಭ: ಒಂದು ಸಲಕ್ಕೆ ಒಂದೇ ದಾರಿಯನ್ನು ಮುಚ್ಚಬೇಕು, ಉಳಿದುದನ್ನೆಲ್ಲ ಇದ್ದಂತೆಯೇ ಬಿಡಬೇಕು. ಒಂದೇ ದಿನ ಬ್ಯಾಟರಿಯನ್ನೂ ಬದಲಿಸಿ, ಜಾಲದ ತಂತಿಯನ್ನೂ ಕಿತ್ತು, ಬಯಾಸಿನ ಆಯ್ಕೆಯನ್ನೂ ತಿದ್ದಿದರೆ ತೊಂದರೆ ನಿಂತೀತು. ಯಾವುದರಿಂದ ನಿಂತಿತೆಂಬುದು ಮಾತ್ರ ತಿಳಿಯದು.

ಕ್ರಮವು ಸುಲಭದಿಂದ ಕಠಿಣಕ್ಕೆ, ಹೊರಗಿನಿಂದ ಒಳಗೆ ಸಾಗಬೇಕು. ಮೊದಲ ಹಂತದಲ್ಲಿ ಜಾಲದ ತಂತಿಯನ್ನು ತೆಗೆದಿಟ್ಟು ನೋಡಬೇಕು. ಎರಡನೆಯ ಹಂತದಲ್ಲಿ ಕೀಲಿಮಣೆ, ಮೌಸ್ ಮೊದಲಾದವನ್ನು ತೆಗೆಯಬೇಕು. ಮೂರನೆಯ ಹಂತದಲ್ಲಿ ಬಯಾಸನ್ನು ತೆರೆದು ವಿದ್ಯುತ್ತಿನ ಮರುಬರವು ಮತ್ತು ಅಲಾರಂ ಕುರಿತ ಆಯ್ಕೆಗಳನ್ನು, ಒಂದಾದ ಮೇಲೆ ಒಂದರಂತೆ, ಪರಿಶೀಲಿಸಬೇಕು. ಆಗಲೇ ಬಯಾಸಿನ ಗಡಿಯಾರ ಸರಿಯಾದ ದಿನಾಂಕವನ್ನು ತೋರಿಸುತ್ತಿದೆಯೇ ಎಂಬುದನ್ನೂ ನೋಡಬೇಕು. ದಿನಾಂಕ ಹಿಂದೆ ಬಿದ್ದಿದ್ದರೆ ಮದರ್‌ಬೋರ್ಡಿನ ಮೇಲಿರುವ ೩ ವೋಲ್ಟಿನ ಸಿಆರ್ ೨೦೩೨ ಎಂಬ ಬ್ಯಾಟರಿ ಮುಗಿದಿದೆಯೆಂದು ಶಂಕಿಸಬಹುದು. ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಈ ಬ್ಯಾಟರಿಯೇ. ಅನೇಕ ಯಂತ್ರಗಳಲ್ಲಿ ಬಯಾಸಿನ ಆಯ್ಕೆಗಳನ್ನು ಕಾಪಾಡುವುದೂ ಇದೇ. ಬ್ಯಾಟರಿ ಮುಗಿದ ಯಂತ್ರದಲ್ಲಿ ಇಂದು ತಿದ್ದಿದ ಆಯ್ಕೆಯು ರಾತ್ರಿ ಕರೆಂಟು ಹೋದೊಡನೆ ಅಳಿಸಿಹೋಗಿ, ತಯಾರಕರು ಮೊದಲು ಇಟ್ಟಿದ್ದ ಆಯ್ಕೆಯೇ ಮರಳಬಹುದು.

ನಾಲ್ಕನೆಯ ಹಂತವು ಗುಂಡಿಯ ಪರೀಕ್ಷೆ. ಪ್ಲಗ್ಗನ್ನು ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಹಲಗೆಯನ್ನು ತೆಗೆದು, ಮುಂಭಾಗದ ಗುಂಡಿಯಿಂದ ಬರುವ ಎರಡು ತಂತಿಗಳ ಜೋಡಣೆಯನ್ನು ಮದರ್‌ಬೋರ್ಡಿನ ಕಡ್ಡಿಗಳಿಂದ ಬಿಡಿಸಬೇಕು. ಹೀಗೆ ಬಿಡಿಸಿಟ್ಟು ಮತ್ತೆ ವಿದ್ಯುತ್ ಕೊಟ್ಟಾಗ ತೊಂದರೆ ನಿಂತರೆ ಗುಂಡಿ ಅಥವಾ ಅದರ ತಂತಿಯೇ ಕಾರಣ. ಇದಕ್ಕೆ ಖರ್ಚಿಲ್ಲದ ಪರಿಹಾರವೂ ಉಂಟು. ಅನೇಕ ಕ್ಯಾಬಿನೆಟ್ಟುಗಳಲ್ಲಿ ‘ರೀಸೆಟ್’ ಎಂಬ ಇನ್ನೊಂದು ಗುಂಡಿಯಿರುತ್ತದೆ. ಅದೂ ಅದೇ ಬಗೆಯ ಸ್ವಿಚ್ಚು. ಅದರ ತಂತಿಗಳನ್ನು ಚಾಲನೆಯ ಕಡ್ಡಿಗಳಿಗೆ ಸಿಕ್ಕಿಸಿದರೆ ರೀಸೆಟ್ ಗುಂಡಿಯೇ ಚಾಲನೆಯ ಗುಂಡಿಯಾಗುತ್ತದೆ.

ಐದನೆಯ ಹಂತವು ವಿದ್ಯುತ್ ಪೆಟ್ಟಿಗೆಯದು. ಪ್ಲಗ್ಗು ಕಿತ್ತ ಸ್ಥಿತಿಯಲ್ಲಿ ಅದರ ಎಲ್ಲ ಜೋಡಣೆಗಳನ್ನೂ ಮದರ್‌ಬೋರ್ಡು ಹಾಗೂ ಡಿಸ್ಕುಗಳಿಂದ ಬಿಡಿಸಿ, ಬಳಿಕ ಪೆಟ್ಟಿಗೆಗೆ ಮಾತ್ರ ವಿದ್ಯುತ್ ಕೊಟ್ಟು ನೋಡಬೇಕು. ಹಸಿರು ತಂತಿಗೆ ಯಾರೂ ಆಜ್ಞೆ ಕೊಡದಿರುವಾಗ ಪೆಟ್ಟಿಗೆಯ ಫ್ಯಾನು ತಿರುಗತೊಡಗಿದರೆ ದೋಷ ಪೆಟ್ಟಿಗೆಯದೇ. ಫ್ಯಾನು ತಿರುಗದಿದ್ದ ಮಾತ್ರಕ್ಕೆ ಪೆಟ್ಟಿಗೆ ನಿರ್ದೋಷಿಯೆನ್ನಲಾಗದು. ಬಿಸಿಯಾದಾಗ ಮಾತ್ರ ಫ್ಯಾನು ತಿರುಗುವ ಪೆಟ್ಟಿಗೆಗಳೂ ಉಂಟು. ಅಂತಹ ಸಂದರ್ಭದಲ್ಲಿ ಸರಿಯೆಂದು ತಿಳಿದಿರುವ ಬೇರೊಂದು ಪೆಟ್ಟಿಗೆಯನ್ನು ಜೋಡಿಸಿ ನೋಡುವುದೇ ದಾರಿ. ಇಷ್ಟಾದರೂ ತೊಂದರೆ ಉಳಿದರೆ ಶೇಷವು ಮದರ್‌ಬೋರ್ಡು. ಅದರ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ದ್ರವ ಒಸರಿದ್ದರೆ ಶಂಕೆ ಬಲವಾಗುತ್ತದೆ.

ಇಲ್ಲಿ ತಾಳ್ಮೆಯ ಒಂದು ನಿಯಮವನ್ನು ಹೇಳಬೇಕು. ವಾರಕ್ಕೊಮ್ಮೆ ಕಾಣಿಸಿಕೊಳ್ಳುವ ತೊಂದರೆಯು ಒಂದು ರಾತ್ರಿ ಕಾಣಿಸಲಿಲ್ಲವೆಂದರೆ ಅದರಿಂದ ಏನೂ ಸಿದ್ಧವಾಗದು. ತೊಂದರೆಯ ನಡುವಿನ ಸಾಮಾನ್ಯ ಅಂತರ ಎಷ್ಟೋ ಅದರ ಮೂರು ನಾಲ್ಕು ಪಟ್ಟು ಕಾಲವಾದರೂ ಕಾಯಬೇಕು. ತೊಂದರೆ ನಿಂತಿತೆಂದು ಕಂಡ ಮೇಲೆ, ಅಪಾಯವಿಲ್ಲದ ಸಂದರ್ಭಗಳಲ್ಲಿ, ಶಂಕಿತ ಕಾರಣವನ್ನು ಮತ್ತೆ ಜೋಡಿಸಿ ತೊಂದರೆ ಮರಳುವುದೇ ಎಂದು ನೋಡಬೇಕು. ತೆಗೆದಾಗ ನಿಂತು, ಇಟ್ಟಾಗ ಮರಳಿದರೆ ಮಾತ್ರ ಕಾರಣವು ನಿಶ್ಚಿತವಾಯಿತೆನ್ನಬಹುದು.

೬. ಒಂದು ಲಕ್ಷಣ, ಮೂರು ಕಾರಣಗಳು

ವಿಷಯ ಸ್ಪಷ್ಟವಾಗಲೆಂದು ಒಂದು ಗಣಕಕೊಠಡಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಲ್ಲಿ ಮೂರು ಯಂತ್ರಗಳು ಆಗಾಗ್ಗೆ ಬೆಳಿಗ್ಗೆ ಚಾಲನೆಯಲ್ಲಿ ಕಾಣಿಸುತ್ತವೆ. ಲಕ್ಷಣ ಒಂದೇ ಆದುದರಿಂದ ಕಾರಣವೂ ಒಂದೇ ಇರಬೇಕೆಂದು ಎಲ್ಲರೂ ಭಾವಿಸುತ್ತಾರೆ. ನೋಟುಪುಸ್ತಕ ಮತ್ತು ಯಂತ್ರದ ದಿನಚರಿಗಳೆರಡನ್ನೂ ಎದುರು ಬದುರು ಇಟ್ಟು ನೋಡಿದಾಗ ಬೇರೆಯೇ ಚಿತ್ರ ಮೂಡುತ್ತದೆ.

ಮೊದಲ ಯಂತ್ರವು ರಾತ್ರಿ ಕರೆಂಟು ಹೋಗಿ ಬಂದ ದಿನಗಳಲ್ಲಿ ಮಾತ್ರ ಏಳುತ್ತದೆ. ಎದ್ದ ವೇಳೆಯೂ ಕರೆಂಟು ಬಂದ ವೇಳೆಯೂ ಕೂಡುತ್ತವೆ. ಶಿಕ್ಷಕರು ಬಯಾಸಿನಲ್ಲಿ ‘ಆರಿಯೇ ಇರಲಿ’ ಎಂಬ ಆಯ್ಕೆಯನ್ನು ಇಟ್ಟಿದ್ದರೂ ತೊಂದರೆ ನಿಲ್ಲುವುದಿಲ್ಲ. ಮತ್ತೆ ತೆರೆದು ನೋಡಿದರೆ ಆಯ್ಕೆಯು ಬದಲಾಗಿದೆ. ಗಡಿಯಾರವೂ ಹಿಂದೆ ಬಿದ್ದಿದೆ. ಕಾರಣ ಮುಗಿದ ಬ್ಯಾಟರಿ. ಅದನ್ನು ಬದಲಿಸಿ, ಆಯ್ಕೆಯನ್ನು ಮತ್ತೊಮ್ಮೆ ಇಟ್ಟಾಗ ತೊಂದರೆ ನಿಲ್ಲುತ್ತದೆ. ಪ್ರತಿರಾತ್ರಿ ಗೋಡೆಯ ಸ್ವಿಚ್ಚನ್ನು ಆರಿಸುವ ಕೊಠಡಿಗಳಲ್ಲಿ ಈ ಬ್ಯಾಟರಿ ಬೇಗ ಸವೆಯುವುದು ಸಹಜ. ಕಾವಲಿನ ವಿದ್ಯುತ್ತು ಇಲ್ಲದ ಅಷ್ಟೂ ಹೊತ್ತು ಗಡಿಯಾರದ ಭಾರವನ್ನು ಅದೊಂದೇ ಹೊರಬೇಕಾಗುತ್ತದೆ.

ಎರಡನೆಯ ಯಂತ್ರವು ಕರೆಂಟು ಹೋದರೂ ಹೋಗದಿದ್ದರೂ ಒಂದೇ ವೇಳೆಗೆ ಏಳುತ್ತದೆ, ಆದರೆ ಎಲ್ಲ ದಿನವೂ ಅಲ್ಲ. ಗಡಿಯಾರದಂತೆ ನಿಯತವಾದ ವೇಳೆಯು ಗಡಿಯಾರದತ್ತಲೇ ಬೊಟ್ಟು ಮಾಡುತ್ತದೆ. ಏಳದ ದಿನಗಳನ್ನು ನೋಟುಪುಸ್ತಕದಲ್ಲಿ ನೋಡಿದರೆ ಅಂದು ಯಂತ್ರವನ್ನು ‘ಶಟ್ ಡೌನ್’ ಮಾಡಲಾಗಿತ್ತು. ಎದ್ದ ದಿನಗಳ ಹಿಂದಿನ ಸಂಜೆ ‘ಸ್ಲೀಪ್’ ಮಾಡಲಾಗಿತ್ತು. ಎಬ್ಬಿಸಿದ್ದು ಕಾರ್ಯವ್ಯವಸ್ಥೆಯ ನಿರ್ವಹಣೆಯ ವೇಳಾಪಟ್ಟಿ. ಇಲ್ಲಿ ದುರಸ್ತಿಯಾಗಬೇಕಾದದ್ದು ಯಂತ್ರವಲ್ಲ, ಆರಿಸುವ ಅಭ್ಯಾಸ.

ಮೂರನೆಯ ಯಂತ್ರಕ್ಕೆ ವೇಳೆಯ ನಿಯಮವಿಲ್ಲ. ಅದು ಮಳೆಗಾಲದಲ್ಲಿ ಹೆಚ್ಚಾಗಿ, ಬೇಸಿಗೆಯಲ್ಲಿ ಅಪರೂಪವಾಗಿ ಏಳುತ್ತದೆ; ಕೆಲವೊಮ್ಮೆ ಎದ್ದ ಕೆಲವೇ ಸೆಕೆಂಡುಗಳಲ್ಲಿ ಆರುತ್ತದೆ. ಅನಿಯತವಾದ ವೇಳೆ ಹಾಗೂ ತೇವದ ಸಂಬಂಧ ಇವೆರಡೂ ಗುಂಡಿಯತ್ತ ಕೈತೋರುತ್ತವೆ. ತಂತಿಯನ್ನು ಬಿಡಿಸಿದಾಗ ತೊಂದರೆ ನಿಲ್ಲುತ್ತದೆ. ಮತ್ತೆ ಜೋಡಿಸಿದಾಗ ಮರಳುತ್ತದೆ. ಗುಂಡಿಯ ಹಿಂದಿನ ಸ್ವಿಚ್ಚಿನಲ್ಲಿ ತುಕ್ಕು ಹಿಡಿದಿರುತ್ತದೆ.

ಮೂರೂ ಯಂತ್ರಗಳನ್ನು ಹಳತೆಂದು ತೆಗೆದುಹಾಕಿದ್ದರೆ ಮೂರು ಯಂತ್ರಗಳ ಬೆಲೆ ನಷ್ಟವಾಗುತ್ತಿತ್ತು. ಸರಿಯಾದ ಪರೀಕ್ಷೆಯಿಂದ ವೆಚ್ಚವಾದದ್ದು ಒಂದು ಬ್ಯಾಟರಿ, ಒಂದು ಸ್ವಿಚ್ಚು ಮತ್ತು ಒಂದು ಬುದ್ಧಿಮಾತು. ವೆಚ್ಚವಾದ ಕಾಲವನ್ನೂ ಲೆಕ್ಕ ಹಿಡಿಯಬೇಕೆನ್ನುವುದಾದರೆ, ಅದು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಸಂದ ಕಾಲವೆಂದೇ ಎಣಿಸಬೇಕು.

೭. ಕೆಲವು ಎಚ್ಚರಿಕೆಗಳು

ವಿದ್ಯುತ್ ಪೆಟ್ಟಿಗೆಯ ಮುಚ್ಚಳವನ್ನು ಶಾಲೆಯಲ್ಲಿ ಎಂದಿಗೂ ತೆರೆಯಕೂಡದು. ೨೩೦ ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರಬೆಲೆ ಸುಮಾರು ೩೨೫ ವೋಲ್ಟು. ಪೆಟ್ಟಿಗೆಯೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಇಂತಹ ವೋಲ್ಟೇಜು ಪ್ಲಗ್ಗು ಕಿತ್ತ ಬಳಿಕವೂ ಸ್ವಲ್ಪ ಕಾಲ ಉಳಿದಿರಬಹುದು. ಅದು ಪ್ರಾಣಾಪಾಯಕರ.

ಒಳಭಾಗಗಳನ್ನು ಮುಟ್ಟುವ ಮೊದಲು ಪ್ಲಗ್ಗನ್ನು ಕೀಳಬೇಕು. ಬಳಿಕ ಮುಂಭಾಗದ ಗುಂಡಿಯನ್ನು ಒಮ್ಮೆ ಒತ್ತಿದರೆ ಮದರ್‌ಬೋರ್ಡಿನಲ್ಲಿ ಉಳಿದ ಅಲ್ಪ ವಿದ್ಯುತ್ತು ಬರಿದಾಗುತ್ತದೆ. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಜುಮ್ಮೆಂದರೆ ಉಳಿದ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿ, ಮೊದಲು ಕಟ್ಟಡದ ಅರ್ಥಿಂಗನ್ನು ವಿದ್ಯುತ್ ಕೆಲಸ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಸುಟ್ಟ ವಾಸನೆ ಬಂದರೆ ಆ ಯಂತ್ರಕ್ಕೆ ಮತ್ತೆ ವಿದ್ಯುತ್ ಕೊಡತಕ್ಕದ್ದಲ್ಲ. ನಾಲ್ಕನೆಯ ಹಂತದವರೆಗಿನ ಪರೀಕ್ಷೆಗಳನ್ನು ಶಿಕ್ಷಕರ ಸಮಕ್ಷಮದಲ್ಲಿ ಹಿರಿಯ ವಿದ್ಯಾರ್ಥಿಗಳು ಮಾಡಬಹುದು. ಐದನೆಯ ಹಂತವು ಬಲ್ಲವರಿಗೆ ಮೀಸಲು.

ಕಾರಣ ತಿಳಿಯುವವರೆಗೆ ಪ್ರತಿ ಸಂಜೆ ಯುಪಿಎಸ್ಸನ್ನೂ ಗೋಡೆಯ ಸ್ವಿಚ್ಚನ್ನೂ ಆರಿಸುವುದು ತಾತ್ಕಾಲಿಕ ರಕ್ಷಣೆ. ಪರೀಕ್ಷೆಗಾಗಿ ವಿದ್ಯುತ್ ಸಂಪರ್ಕವನ್ನು ಉಳಿಸಿಕೊಳ್ಳಬೇಕಾದಾಗ ಕೊಠಡಿಯಲ್ಲಿ ಯಾರಾದರೂ ಇರುವ ಹೊತ್ತನ್ನೇ ಆರಿಸಿಕೊಳ್ಳಬೇಕು. ಮುಖ್ಯ ಸ್ವಿಚ್ಚನ್ನು ಆರಿಸಿದೊಡನೆ ತೊಂದರೆ ಕಾಣದಾಗುತ್ತದೆಂದು ಶೋಧನೆಯನ್ನೇ ಕೈಬಿಡುವುದು ಸಲ್ಲದು. ಲಕ್ಷಣವನ್ನು ಅಡಗಿಸುವುದು ಬೇರೆ, ಕಾರಣವನ್ನು ನಿವಾರಿಸುವುದು ಬೇರೆ.

೮. ಉಪಸಂಹಾರ

ದಾನವಾಗಿ ಬಂದ ವಸ್ತುವನ್ನು ಕಾಪಾಡುವುದೆಂದರೆ ಅದಕ್ಕೆ ಹೊದಿಕೆ ಹೊದಿಸಿ ಬೀಗದೊಳಗೆ ಇಡುವುದಷ್ಟೇ ಅಲ್ಲ. ಅದರ ನಡೆಯನ್ನು ಅರಿತು, ಅದಕ್ಕೆ ಬಂದ ತೊಡಕನ್ನು ನ್ಯಾಯವಾಗಿ ವಿಚಾರಿಸುವುದೂ ಆ ಕಾಪಾಡುವಿಕೆಯ ಭಾಗ. ಪ್ರತಿಯೊಂದು ಯಂತ್ರಕ್ಕೂ ಒಂದು ನೋಟುಪುಸ್ತಕ, ಅದರಲ್ಲಿ ತೊಂದರೆ, ಮಾಡಿದ ಪರೀಕ್ಷೆ, ಕಂಡ ಫಲ ಎಂಬ ಮೂರು ಕಲಮುಗಳು ಇರುವುದಾದರೆ, ಶಿಕ್ಷಕರು ಬದಲಾದರೂ ತಿಳಿವಳಿಕೆ ಶಾಲೆಯಲ್ಲಿಯೇ ಉಳಿಯುತ್ತದೆ. ಮುಂದಿನ ವರ್ಷದ ವಿದ್ಯಾರ್ಥಿಯು ಹಿಂದಿನ ವರ್ಷದವನು ಬರೆದಿಟ್ಟುದರಿಂದ ಕಲಿಯುತ್ತಾನೆ.

ಗಣಕಯಂತ್ರಗಳ ಮಾದರಿಗಳು ಬದಲಾಗುತ್ತ ಹೋಗುತ್ತವೆ. ಇಂದಿನ ಬಯಾಸಿನ ಆಯ್ಕೆಗಳೂ ದಾಖಲೆಗಳ ಸಂಖ್ಯೆಗಳೂ ನಾಳೆ ಬೇರೆಯಾಗಬಹುದು. ಆದರೆ ತೀರ್ಪಿಗೆ ಮೊದಲು ದಾಖಲೆಯನ್ನು ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಸಿದ್ಧವಾಗುವವರೆಗೆ ಕಾಯುವುದು ಎಂಬ ಕ್ರಮವು ಹಳತಾಗುವಂಥದಲ್ಲ. ಈ ಕ್ರಮವನ್ನು ಗಣಕಕೊಠಡಿಯಲ್ಲಿ ಕಲಿತ ವಿದ್ಯಾರ್ಥಿಯು ಅದನ್ನು ಮುಂದೆ ಹೊಲದ ಪಂಪಿನ ಮುಂದೆಯೂ, ರೋಗಿಯ ಹಾಸಿಗೆಯ ಬಳಿಯೂ, ಕಚೇರಿಯ ಲೆಕ್ಕಪತ್ರದಲ್ಲಿಯೂ ಬಳಸಬಲ್ಲನು. ಶಾಲೆಗೆ ಬಂದ ಯಂತ್ರದಿಂದ ಅಂತಹ ವಿದ್ಯೆ ಒಬ್ಬನಿಗಾದರೂ ದೊರೆತರೆ, ಆ ಯಂತ್ರವನ್ನು ಕೊಟ್ಟವರ ಉ​ದ್ದೇಶವು ಸಾರ್ಥಕವಾಗುತ್ತದೆ.